ಹೊಸದಾಗಿ ಕೊಂಡ ಮನೆಯ ವೈರಿಂಗ್: ಅಡಗಿರುವ ದೋಷ ಹುಡುಕುವ ಕ್ರಮ

ಮನೆ ನೋಡಲು ಹೋದವರು ಸ್ವಿಚ್ ಹಾಕಿ ನೋಡುತ್ತಾರೆ. ದೀಪ ಹೊತ್ತಿತು, ಫ್ಯಾನ್ ತಿರುಗಿತು, ಗೀಸರ್‌ನ ಕೆಂಪು ದೀಪ ಬಂತು. ಕರೆಂಟಿನ ವಿಚಾರ ಅಲ್ಲಿಗೆ ಮುಗಿಯುತ್ತದೆ. ಇದರಿಂದ ತಿಳಿಯುವುದು ಇಷ್ಟೇ: ಆ ಪಾಯಿಂಟಿಗೆ ಫೇಸ್ (ಕರೆಂಟು ತರುವ ತಂತಿ) ಬರುತ್ತಿದೆ, ನ್ಯೂಟ್ರಲ್ (ಅದು ಮರಳುವ ತಂತಿ) ಸಿಗುತ್ತಿದೆ. ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ಅರ್ಥಿಂಗ್ ತಂತಿ ಗೋಡೆಯೊಳಗೆ ಎಲ್ಲೋ ತುಂಡಾಗಿದ್ದರೂ ದೀಪ ಹೀಗೇ ಹೊತ್ತುತ್ತದೆ. ಕರೆಂಟು ಸೋರಿದೊಡನೆ ಲೈನ್ ಕಡಿಯುವ ಸಾಧನವಾದ ಆರ್‌ಸಿಸಿಬಿಯನ್ನು ಯಾರೋ ಬೈಪಾಸ್ ಮಾಡಿದ್ದರೂ ಫ್ಯಾನ್ ಹೀಗೇ ತಿರುಗುತ್ತದೆ. ವಾಷಿಂಗ್ ಮೆಷಿನ್ನಿನೊಳಗೆ ಫೇಸ್ ತಂತಿ ಸವೆದು ಅದರ ಮೈಗೆ ತಾಗುವ ದಿನದವರೆಗೂ ಏನೂ ಗೊತ್ತಾಗುವುದಿಲ್ಲ. ಪ್ರಾಣ ಕಾಯಬೇಕಾದ ಈ ಎರಡೂ ಇಲ್ಲದಿದ್ದರೂ ಮನೆ ಯಾವ ಸುಳಿವೂ ಕೊಡುವುದಿಲ್ಲ. ಆದ್ದರಿಂದ ಮಿಣುಕುವ ದೀಪ, ಬಿಸಿಯಾಗುವ ಸ್ವಿಚ್ಚಿಗಿಂತ ಮೊದಲು ಅರ್ಥಿಂಗ್ ಮತ್ತು ಆರ್‌ಸಿಸಿಬಿಯನ್ನು ನೋಡಿ ಎಂದು ನಾನು ಒತ್ತಿ ಹೇಳುತ್ತೇನೆ.

ಇದನ್ನು ಬಣ್ಣ ಬಳಿಯುವ ಮೊದಲು, ಸಾಮಾನು ಇಳಿಸುವ ಮೊದಲು ಮಾಡಬೇಕು. ಆಗ ಗೋಡೆ ಒಡೆಯುವ ಪ್ರಸಂಗ ಬಂದರೂ ತೊಂದರೆಯಿಲ್ಲ, ಎಲ್ಲ ಪಾಯಿಂಟುಗಳೂ ಕೈಗೆ ಸಿಗುತ್ತವೆ.

ಕೈ ಹಾಕುವ ಮೊದಲು

ಮೇನ್ ಆಫ್ ಮಾಡಿದರೆ ಕರೆಂಟ್ ಹೋಯಿತು ಎಂದು ತಿಳಿಯಬೇಡಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ, ಮೇನ್ ಆಫ್ ಆದ ಗಳಿಗೆಯಲ್ಲೇ ಅದು ತನ್ನ ಲೈನಿಗೆ ಬ್ಯಾಟರಿಯಿಂದ ಪೂರ್ತಿ ವೋಲ್ಟೇಜ್ ಕೊಡಲು ಶುರುಮಾಡುತ್ತದೆ. ಬ್ಯಾಟರಿ ಇರುವ ಸೋಲಾರ್ ವ್ಯವಸ್ಥೆಯೂ ಹಾಗೆಯೇ. ಹಿಂದಿನ ಮಾಲೀಕರು ಇನ್ವರ್ಟರ್ ತೆಗೆದುಕೊಂಡು ಹೋಗಿದ್ದರೂ ಅದರ ವೈರುಗಳು ತುದಿ ತೆರೆದು ನೇತಾಡುತ್ತಿರಬಹುದು; ಅವುಗಳಲ್ಲಿ ಒಂದು ಮೇನ್‌ನಿಂದ ಬರುವ ಜೀವಂತ ಫೇಸ್.

ತಂತಿ ಮುಟ್ಟುವ ಮೊದಲು ಪರೀಕ್ಷೆ ಮೂರು ಹಂತದ್ದು. ಕರೆಂಟ್ ಇದೆ ಎಂದು ಖಚಿತವಾಗಿ ಗೊತ್ತಿರುವ ಕಡೆ ಮಲ್ಟಿಮೀಟರ್ ಹಿಡಿದು ಅದು ಸರಿಯಾಗಿದೆ ಎಂದು ನೋಡಿ. ಆಮೇಲೆ ಕೆಲಸ ಮಾಡುವ ಜಾಗದಲ್ಲಿ ಹಿಡಿಯಿರಿ. ಮತ್ತೆ ಮೊದಲಿನ ಕಡೆ ಹಿಡಿದು ನೋಡಿ. ಈ ನಡುವೆ ಮೀಟರಿನ ಬ್ಯಾಟರಿ ಸತ್ತಿದ್ದರೆ ಮೂರನೆಯ ಹಂತದಲ್ಲಿ ಗೊತ್ತಾಗುತ್ತದೆ.

ಹೊರಗಿನಿಂದ ನೋಡುವುದು, ಸಾಕೆಟ್‌ನಲ್ಲಿ ವೋಲ್ಟೇಜ್ ಅಳೆಯುವುದು, ಒಂದೊಂದೇ ಎಂಸಿಬಿ (ಕರೆಂಟು ಮಿತಿ ಮೀರಿದರೆ ಲೈನ್ ಕಡಿಯುವ ಸ್ವಿಚ್ಚು) ಆನ್ ಆಫ್ ಮಾಡಿ ನೋಡುವುದು ಎಚ್ಚರಿಕೆಯಿರುವ ಯಾರಾದರೂ ಮಾಡಬಹುದಾದ ಕೆಲಸ. ಎಂಸಿಬಿಗಳೆಲ್ಲ ಕೂತಿರುವ ಪೆಟ್ಟಿಗೆಯಾದ ಡಿಬಿಯ ಮುಚ್ಚಳ ತೆಗೆದು ತಂತಿ ಬಿಚ್ಚುವುದು, ತಂತಿಯ ಹೊದಿಕೆ ಪರೀಕ್ಷಿಸುವ ಮೆಗ್ಗರ್ ಹಾಕುವುದು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರ ಕೆಲಸ. ಅವರಿಂದ ಏನೇನು ಮಾಡಿಸಿಕೊಳ್ಳಬೇಕು ಎನ್ನುವುದಾದರೂ ನಿಮಗೆ ತಿಳಿದಿರಲಿ ಎಂದೇ ಅವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೀಟರಿನಿಂದ ಶುರು

ಮನೆಯ ಎಲ್ಲ ಉಪಕರಣಗಳ ಪ್ಲಗ್ ಕಿತ್ತು, ಎಲ್ಲ ದೀಪ ಆರಿಸಿ, ವಿದ್ಯುತ್ ಮೀಟರಿನ ಮುಂದೆ ನಿಲ್ಲಿ. ಅದರಲ್ಲಿ ಕೆಂಪು ಎಲ್‌ಇಡಿ ಮಿನುಗುತ್ತಿರುತ್ತದೆ. ಪಕ್ಕದಲ್ಲಿ ಒಂದು ಯೂನಿಟ್‌ಗೆ ಎಷ್ಟು ಮಿನುಗು ಎಂದು ಬರೆದಿರುತ್ತಾರೆ. 3200 ಎಂದಿದ್ದರೆ, 1125 ಅನ್ನು ಎರಡು ಮಿನುಗುಗಳ ನಡುವಿನ ಸೆಕೆಂಡುಗಳಿಂದ ಭಾಗಿಸಿ. ಆ ಹೊತ್ತಿನಲ್ಲಿ ಎಷ್ಟು ವ್ಯಾಟ್ ಹೋಗುತ್ತಿದೆ ಎಂದು ಸಿಗುತ್ತದೆ. ನಿಮಿಷಕ್ಕೊಮ್ಮೆ ಮಿನುಗಿದರೆ ಸುಮಾರು 19 ವ್ಯಾಟ್. ಏನೂ ಹಾಕದ ಮನೆಯಲ್ಲಿ ಇಷ್ಟು ಹೋಗುತ್ತಿದ್ದರೆ ಎಲ್ಲಿಗೋ ಹೋಗುತ್ತಿದೆ ಎಂದೇ ಅರ್ಥ.

ಈಗ ಮೇನ್ ಆಫ್ ಮಾಡಿ. ಮಿನುಗು ನಿಂತರೆ ಸೋರಿಕೆ ಅಥವಾ ಮರೆತ ಉಪಕರಣ ಮನೆಯೊಳಗಿದೆ. ಮೇನ್ ಆಫ್ ಆದಮೇಲೂ ಮಿನುಗುತ್ತಿದ್ದರೆ ಮೀಟರಿಗೂ ನಿಮ್ಮ ಮೇನ್‌ಗೂ ನಡುವೆ ಯಾರೋ ಲೈನ್ ತೆಗೆದಿದ್ದಾರೆ. ಮೆಟ್ಟಿಲಿನ ದೀಪವೋ ನೀರೆತ್ತುವ ಮೋಟಾರೋ ನಿಮ್ಮ ಬಿಲ್ಲಿಗೆ ಸೇರಿರುವುದು ಹೀಗೆ ಬಯಲಾಗುತ್ತದೆ. ಅಷ್ಟೇ ಮುಖ್ಯವಾಗಿ, ನಿಮ್ಮ ಯಾವ ರಕ್ಷಣಾ ಸಾಧನಕ್ಕೂ ಒಳಪಡದ ಒಂದು ಲೈನ್ ಅಲ್ಲಿದೆ ಎಂದೂ ಗೊತ್ತಾಗುತ್ತದೆ.

ಡಿಬಿ ಹೇಳುವುದನ್ನು ಪರೀಕ್ಷಿಸಿ ನೋಡಿ

ಎಂಸಿಬಿಗಳ ಮೇಲೆ ಅಂಟಿಸಿರುವ ಚೀಟಿಯನ್ನು ನಂಬಬೇಡಿ. ಮನೆ ಕಟ್ಟಿದಾಗ ಬರೆದದ್ದು, ಆಮೇಲೆ ಎಷ್ಟೋ ಕೈಗಳು ಅಲ್ಲಿ ಓಡಾಡಿವೆ. ಒಂದೊಂದೇ ಎಂಸಿಬಿ ಆಫ್ ಮಾಡಿ, ಯಾವ ದೀಪ, ಯಾವ ಸಾಕೆಟ್ ಸತ್ತಿತು ಎಂದು ಮನೆಯ ನಕ್ಷೆಯ ಮೇಲೆ ಗುರುತಿಸುತ್ತ ಹೋಗಿ. ಬೇಸರದ ಕೆಲಸ, ಆದರೆ ಮುಂದಿನ ಎಲ್ಲ ಹುಡುಕಾಟವೂ ಈ ನಕ್ಷೆಯ ಮೇಲೆ ನಿಂತಿದೆ. ಯಾವ ಎಂಸಿಬಿ ಆಫ್ ಮಾಡಿದರೂ ಸಾಯದ ಸಾಕೆಟ್ ಸಿಕ್ಕರೆ ಅದನ್ನು ದಪ್ಪಕ್ಷರದಲ್ಲಿ ಬರೆದುಕೊಳ್ಳಿ.

ಆರ್‌ಸಿಸಿಬಿ ಇದ್ದರೆ ಅದರ ಟೆಸ್ಟ್ ಬಟನ್ ಒತ್ತಿ. ಕೆಳಗೆ ಬೀಳಬೇಕು. ಬಿದ್ದಮೇಲೆ ಮಾಡಬೇಕಾದ ಕೆಲಸವನ್ನು ಹೆಚ್ಚಿನವರು ಮಾಡುವುದಿಲ್ಲ: ಹಾಗೇ ಬಿಟ್ಟು ಮನೆಯೆಲ್ಲ ಸುತ್ತಿ ಪ್ರತಿ ಸಾಕೆಟ್, ಪ್ರತಿ ದೀಪ ನೋಡಿ. ಯಾವುದಾದರೂ ಇನ್ನೂ ಜೀವಂತವಾಗಿದ್ದರೆ ಅದು ಆರ್‌ಸಿಸಿಬಿಯ ಕಾವಲಿನಲ್ಲಿಲ್ಲ. ಪದೇ ಪದೇ ಟ್ರಿಪ್ ಆಗುತ್ತದೆ ಎಂಬ ಕಾರಣಕ್ಕೆ ಒಂದು ಲೈನನ್ನು ಅದರ ಆಚೆಯಿಂದ ಎಳೆದುಬಿಡುವುದು ತೀರಾ ಸಾಮಾನ್ಯ. ಹಾಗೆ ಎಳೆದ ಲೈನು ಬಚ್ಚಲುಮನೆಯದೇ ಆಗಿರುವ ಸಾಧ್ಯತೆ ಹೆಚ್ಚು, ಏಕೆಂದರೆ ತೇವಕ್ಕೆ ಟ್ರಿಪ್ ಆಗುವುದು ಅದೇ. ಇನ್ವರ್ಟರ್ ಇದ್ದರೆ ಅದರ ಲೈನಿನ ಮೇಲೆ ಪ್ರತ್ಯೇಕ ಆರ್‌ಸಿಸಿಬಿ ಇದೆಯೇ ನೋಡಿ. ಇನ್ವರ್ಟರಿಗಿಂತ ಹಿಂದೆ, ಮೇನ್ ಕಡೆ ಇರುವ ಒಂದು ಮಾತ್ರ ಇದ್ದರೆ, ಬ್ಯಾಟರಿಯ ಮೇಲೆ ಓಡುವಾಗ ಆ ಲೈನಿಗೆ ರಕ್ಷಣೆ ಇರುವುದಿಲ್ಲ.

ಟೆಸ್ಟ್ ಬಟನ್ ಕೆಲಸ ಮಾಡಿತೆಂದು ಅರ್ಥಿಂಗ್ ಸರಿಯಿದೆ ಎಂದುಕೊಳ್ಳುವುದು ಇನ್ನೊಂದು ತಪ್ಪು. ಆ ಬಟನ್ ಉಪಕರಣದೊಳಗಿನ ಒಂದು ರೆಸಿಸ್ಟರ್ ಮೂಲಕ ಸಣ್ಣ ಕರೆಂಟನ್ನು ಸುತ್ತು ದಾರಿಯಲ್ಲಿ ಹರಿಸುತ್ತದೆ. ಭೂಮಿಗೂ ಅದಕ್ಕೂ ಸಂಬಂಧವಿಲ್ಲ. ಅರ್ಥಿಂಗ್ ತಂತಿಯೇ ಇಲ್ಲದ ಮನೆಯಲ್ಲೂ ಅದು ಚೆನ್ನಾಗಿ ಟ್ರಿಪ್ ಆಗುತ್ತದೆ.

ಎಂಸಿಬಿಯ ಅಳತೆ ಮತ್ತು ತಂತಿಯ ದಪ್ಪ ಹೊಂದುತ್ತವೆಯೇ ಎನ್ನುವುದೂ ಇಲ್ಲೇ ತೀರ್ಮಾನವಾಗಬೇಕು. ತಾಮ್ರದ ತಂತಿಗೆ ಸಾಮಾನ್ಯ ಲೆಕ್ಕ: ದೀಪ, ಫ್ಯಾನಿನ 1.5 ಚದರ ಮಿ.ಮೀ. ತಂತಿಗೆ 10 ಆಂಪಿಯರ್, ಪವರ್ ಸಾಕೆಟ್‌ನ 2.5ಕ್ಕೆ 16 ಅಥವಾ 20, ಗೀಸರ್ ಮತ್ತು ಏಸಿಯ 4ಕ್ಕೆ 25. ತಂತಿಯ ಹೊದಿಕೆಯ ಮೇಲೆಯೇ ಅಳತೆ ಮುದ್ರಿಸಿರುತ್ತಾರೆ. 1.5ರ ತಂತಿಗೆ 32 ಆಂಪಿಯರ್ ಎಂಸಿಬಿ ಕಂಡರೆ, ಬೀಳುತ್ತಿದ್ದ ಎಂಸಿಬಿಯನ್ನು ಯಾರೋ ದೊಡ್ಡದಕ್ಕೆ ಬದಲಿಸಿದ್ದಾರೆ. ಆ ಲೈನಿನಲ್ಲಿ ಓವರ್‌ಲೋಡ್ ಆದರೆ ಎಂಸಿಬಿಗಿಂತ ಮೊದಲು ಗೋಡೆಯೊಳಗಿನ ತಂತಿ ಸುಡುತ್ತದೆ. ದೊಡ್ಡ ಎಂಸಿಬಿ ತೆಗೆದು ಸರಿಯಾದದ್ದು ಹಾಕಿಸಿ. ಅದು ಬೀಳತೊಡಗಿದರೆ ಬೀಳಲಿ, ಕಾರಣವನ್ನು ಹುಡುಕಲು ಅದೇ ದಾರಿ.

ಪ್ರತಿ ಸಾಕೆಟ್‌ನಲ್ಲಿ ಮೂರು ಅಳತೆ

ಮಲ್ಟಿಮೀಟರನ್ನು ಏಸಿ ವೋಲ್ಟಿಗೆ ಇಟ್ಟು ಫೇಸ್–ನ್ಯೂಟ್ರಲ್, ಫೇಸ್–ಅರ್ಥ್, ನ್ಯೂಟ್ರಲ್–ಅರ್ಥ್ ಅಳೆದು ಬರೆದುಕೊಳ್ಳಿ. ದುಂಡು ರಂಧ್ರದ ಮೂರು ಪಿನ್ ಸಾಕೆಟ್‌ನಲ್ಲಿ ದೊಡ್ಡ ರಂಧ್ರ ಮೇಲಿರುವಂತೆ ಎದುರು ನಿಂತರೆ ಬಲಕ್ಕೆ ಫೇಸ್ ಇರಬೇಕು. 230 ವೋಲ್ಟ್ ಸರಬರಾಜಿನ ಆರೋಗ್ಯವಂತ ಸಾಕೆಟ್‌ನಲ್ಲಿ ಮೊದಲ ಎರಡು ಅಳತೆ ಹೆಚ್ಚುಕಡಿಮೆ ಒಂದೇ, ಮೂರನೆಯದು ಒಂದೆರಡು ವೋಲ್ಟ್.

ಫೇಸ್–ಅರ್ಥ್ ನಡುವೆ 60, 90, 110 ಎಂದು ಅಂಕಿ ಅಲೆದಾಡುತ್ತಿದ್ದರೆ ಅರ್ಥಿಂಗ್ ತಂತಿ ಎಲ್ಲೋ ಬಿಟ್ಟುಹೋಗಿದೆ. ಪಕ್ಕದ ತಂತಿಗಳಿಂದ ಬರುವ ಪ್ರೇರಿತ ವೋಲ್ಟೇಜನ್ನು ಮೀಟರ್ ತೋರಿಸುತ್ತಿದೆ ಅಷ್ಟೆ. ಎಡ ರಂಧ್ರದಲ್ಲಿ ಫೇಸ್ ಸಿಕ್ಕರೆ ತಂತಿ ಅದಲುಬದಲು. ಅಂಥ ಸಾಕೆಟ್‌ಗೆ ಹಾಕಿದ ಉಪಕರಣದ ಸ್ವಿಚ್ ಆಫ್ ಮಾಡಿದರೂ ಒಳಗೆ ಫೇಸ್ ಉಳಿದಿರುತ್ತದೆ.

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಭಯ ಹುಟ್ಟಿಸುವುದು ತುಂಬಾ ಚೆನ್ನಾಗಿ ಕಾಣುವ ಅಳತೆ. ನ್ಯೂಟ್ರಲ್–ಅರ್ಥ್ ನಡುವೆ ಭಾರ ಹಾಕಿದರೂ ತೆಗೆದರೂ 0.0 ಬಿಟ್ಟು ಕದಲದಿದ್ದರೆ ಮೇನ್ ಆಫ್ ಮಾಡಿ ಆ ಸಾಕೆಟ್ ಬಿಚ್ಚಿಸಿ. ಅರ್ಥ್ ತಂತಿ ಎಳೆಯಲು ಆಗದ ಕಡೆ, ಬೆರಳುದ್ದದ ತುಂಡು ತಂತಿಯಿಂದ ನ್ಯೂಟ್ರಲ್ ಸ್ಕ್ರೂವನ್ನು ಅರ್ಥ್ ಸ್ಕ್ರೂಗೆ ಸೇರಿಸಿಬಿಟ್ಟಿರುತ್ತಾರೆ. ಮೂರು ದೀಪದ ಸಾಕೆಟ್ ಟೆಸ್ಟರ್ ಕೂಡ ಇದಕ್ಕೆ ಸರಿ ಎಂದೇ ಗುರುತು ಕೊಡುತ್ತದೆ, ಏಕೆಂದರೆ ಅದಕ್ಕೆ ನ್ಯೂಟ್ರಲ್, ಅರ್ಥ್‌ಗಳ ವ್ಯತ್ಯಾಸ ತಿಳಿಯುವುದಿಲ್ಲ. ಎಂದಾದರೂ ಆ ನ್ಯೂಟ್ರಲ್ ಹಿಂದೆ ಎಲ್ಲಾದರೂ ಕಳಚಿಕೊಂಡರೆ, ಫೇಸ್ ಉಪಕರಣದೊಳಗಿಂದ ಹಾದು, ಆ ತುಂಡು ತಂತಿಯ ಮೂಲಕ ಫ್ರಿಜ್ಜಿನ ಮೈಗೆ ಬರುತ್ತದೆ. ಫ್ರಿಜ್ಜಿನಲ್ಲಿ ಯಾವ ದೋಷವೂ ಇಲ್ಲದೆಯೇ ಅದರ ಬಾಗಿಲು ಮುಟ್ಟಿದವರಿಗೆ ಪೂರ್ತಿ ಶಾಕ್. ಇಂಥದ್ದು ಒಂದು ಸಾಕೆಟ್‌ನಲ್ಲಿ ಸಿಕ್ಕರೆ ಮನೆಯ ಪ್ರತಿ ಸಾಕೆಟ್ ಬಿಚ್ಚಿಸಿ ನೋಡಿ. ಒಮ್ಮೆ ಮಾಡಿದವರು ಇನ್ನೊಂದು ಕಡೆಯೂ ಮಾಡಿರುತ್ತಾರೆ.

ಅಳತೆಗಳೆಲ್ಲ ಸರಿ ಬಂದರೂ ಅರ್ಥಿಂಗ್‌ಗೆ ಪೂರ್ತಿ ಅಂಕ ಕೊಡುವಂತಿಲ್ಲ. ಮಲ್ಟಿಮೀಟರ್ ಸೆಳೆಯುವ ಕರೆಂಟು ತೀರಾ ಕಡಿಮೆ. ಒಂದೇ ಎಳೆಯಲ್ಲಿ ನಿಂತ ತಂತಿಯೂ ಅದಕ್ಕೆ 230 ತೋರಿಸುತ್ತದೆ. ದೋಷ ಬಂದಾಗ ಆ ದಾರಿ ಎಷ್ಟು ಕರೆಂಟು ಹೊರಬಲ್ಲದು ಎಂದು ಲೂಪ್ ಇಂಪೆಡೆನ್ಸ್ ಟೆಸ್ಟರ್‌ನಿಂದ ಅಳೆಸಬೇಕು. ಲೆಕ್ಕ ನೋಡಿ: ಅರ್ಥಿಂಗ್ ದಾರಿಯ ಒಟ್ಟು ರೋಧ 5 ಓಮ್ ಇದ್ದರೆ 230 ವೋಲ್ಟಿಗೆ ಹರಿಯುವುದು 46 ಆಂಪಿಯರ್. ಸಿ ವರ್ಗದ 16 ಆಂಪಿಯರ್ ಎಂಸಿಬಿ ತಕ್ಷಣ ಬೀಳುವುದು ಖಚಿತವಾಗಬೇಕಾದರೆ ಅದರ ಹತ್ತು ಪಟ್ಟು, ಅಂದರೆ 160 ಆಂಪಿಯರ್ ಬೇಕು. 46ಕ್ಕೆ ಅದು ಬಿಸಿಯಾಗಿ ಬೀಳಲು ಹಲವು ಸೆಕೆಂಡು ಹಿಡಿಯುತ್ತದೆ. ಅಷ್ಟು ಹೊತ್ತೂ ಉಪಕರಣದ ಮೈಯಲ್ಲಿ ಕರೆಂಟು. ಅದೇ ಜಾಗದಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿಗೆ 0.03 ಆಂಪಿಯರ್ ಸಾಕು, 0.3 ಸೆಕೆಂಡಿನೊಳಗೆ ಬೀಳಬೇಕು. ನೆಲಕ್ಕೆ ಹೂತ ಅರ್ಥಿಂಗ್ ಗುಂಡಿಯನ್ನೇ ನಂಬಿದ ಮನೆಯಲ್ಲಿ ಆರ್‌ಸಿಸಿಬಿ ಬೇಕೇ ಬೇಕು ಎನ್ನುವುದು ಇದಕ್ಕೆ.

ಬಲ್ಬಿನ ಒಂದು ತಂತಿ ಫೇಸ್‌ಗೆ, ಇನ್ನೊಂದು ಅರ್ಥ್‌ಗೆ ಕೊಟ್ಟು ಹೊತ್ತಿಸಿ ಅರ್ಥಿಂಗ್ ನೋಡುವ ಹಳೆಯ ರೂಢಿಯನ್ನು ಬಿಡಿ. ಅರ್ಥಿಂಗ್ ಕಡಿದುಹೋಗಿದ್ದರೆ, ಆ ಬಲ್ಬಿನ ಮೂಲಕ ಮನೆಯ ಎಲ್ಲ ಉಪಕರಣಗಳ ಮೈಗೂ ನೀವೇ ಕರೆಂಟು ಕೊಟ್ಟಂತಾಗುತ್ತದೆ.

ಆರ್‌ಸಿಸಿಬಿ ನಿಲ್ಲುತ್ತಿಲ್ಲ ಎಂದಾದರೆ

ಮೊದಲು ಎಲ್ಲ ಎಂಸಿಬಿ ಕೆಳಗಿಳಿಸಿ ಆರ್‌ಸಿಸಿಬಿ ಏರಿಸಿ. ನಿಂತರೆ ಒಂದೊಂದೇ ಎಂಸಿಬಿ ಏರಿಸುತ್ತ ಬನ್ನಿ. ಯಾವುದನ್ನು ಏರಿಸಿದಾಗ ಬೀಳುತ್ತದೋ ಆ ಲೈನಿನ ಎಲ್ಲ ಪ್ಲಗ್ ಕಿತ್ತು ಮತ್ತೆ ಏರಿಸಿ. ಈಗ ನಿಂತರೆ ದೋಷ ಉಪಕರಣದ್ದು, ಇಲ್ಲವಾದರೆ ತಂತಿಯದು. ಇಷ್ಟು ಎಲ್ಲರಿಗೂ ಗೊತ್ತು. ಈ ಸರಳ ಕ್ರಮ ದಾರಿ ತಪ್ಪಿಸುವ ಸಂದರ್ಭವೊಂದಿದೆ, ಹಳೆಯ ಮನೆಗಳಲ್ಲಿ ಅದು ಅಪರೂಪವಲ್ಲ.

ಎಲ್ಲೋ ಒಂದು ಕಡೆ ನ್ಯೂಟ್ರಲ್ ತಂತಿಯ ಹೊದಿಕೆ ಸವೆದು ಅರ್ಥ್‌ಗೆ ತಾಗಿದೆ ಎಂದಿಟ್ಟುಕೊಳ್ಳಿ. ನ್ಯೂಟ್ರಲ್ಲೂ ಅರ್ಥೂ ಹೆಚ್ಚುಕಡಿಮೆ ಒಂದೇ ವೋಲ್ಟೇಜಿನಲ್ಲಿ ಇರುವುದರಿಂದ, ಏನೂ ಓಡದಿರುವಾಗ ಅಲ್ಲಿ ಕರೆಂಟು ಹರಿಯುವುದಿಲ್ಲ, ಆರ್‌ಸಿಸಿಬಿ ನಿಲ್ಲುತ್ತದೆ. ಇಸ್ತ್ರಿ ಪೆಟ್ಟಿಗೆ ಹಾಕಿದ ತಕ್ಷಣ ಅದರಿಂದ ಮರಳುವ ಕರೆಂಟಿನ ಒಂದು ಪಾಲು ಈ ಸವೆದ ಜಾಗದಿಂದ ಅರ್ಥ್‌ಗೆ ಇಳಿಯುತ್ತದೆ, ಆರ್‌ಸಿಸಿಬಿ ಬೀಳುತ್ತದೆ. ಇಸ್ತ್ರಿ ಪೆಟ್ಟಿಗೆಯ ಮೇಲೆ ಆರೋಪ. ಅದನ್ನು ಬದಲಿಸಿದರೆ ಹೊಸದಕ್ಕೂ ಬೀಳುತ್ತದೆ. ಸಣ್ಣ ದೀಪಕ್ಕೆ ನಿಂತು, ಭಾರದ ಯಾವ ಉಪಕರಣ ಯಾವ ಕೋಣೆಯಲ್ಲಿ ಹಾಕಿದರೂ ಬೀಳುತ್ತಿದ್ದರೆ ನ್ಯೂಟ್ರಲ್–ಅರ್ಥ್ ಸೇರಿಕೆಯನ್ನೇ ಹುಡುಕಿ. ಒಂಟಿ ಕಂಬದ ಎಂಸಿಬಿ ಇಳಿಸಿದರೂ ನ್ಯೂಟ್ರಲ್ ಕಡಿಯುವುದಿಲ್ಲವಾದ್ದರಿಂದ ಎಂಸಿಬಿ ಆಟದಿಂದ ಇದು ಸಿಗದು. ಮೇನ್ ಆಫ್ ಮಾಡಿ, ಡಿಬಿಯ ನ್ಯೂಟ್ರಲ್ ಪಟ್ಟಿಯಿಂದ ತಂತಿಗಳನ್ನು ಬಿಚ್ಚಿ, ಒಂದೊಂದಕ್ಕೂ ಅರ್ಥ್‌ಗೂ ನಡುವೆ ರೋಧ ಅಳೆಯಬೇಕು. ತಾಗಿದ್ದರೆ ಕೆಲವೇ ಓಮ್ ಬಂದು ಆ ತಂತಿ ತಾನೇ ಸಿಕ್ಕಿಬೀಳುತ್ತದೆ.

ಮನೆಯಲ್ಲಿ ಎರಡು ಆರ್‌ಸಿಸಿಬಿಗಳಿದ್ದು, ಒಂದರ ಫೇಸ್ ಇನ್ನೊಂದರ ನ್ಯೂಟ್ರಲ್ ಬಳಸುತ್ತಿದ್ದರೆ ಅಲ್ಲಿ ದೀಪ ಹಾಕಿದರೂ ಬೀಳಬಹುದು, ಭಾರ ಹಾಕಿದರೆ ಬಿದ್ದೇ ಬೀಳುತ್ತದೆ. ಮೇಲುಮಹಡಿ ಸೇರಿಸಿ ಕಟ್ಟಿದ ಮನೆಯಲ್ಲಿ, ಮೆಟ್ಟಿಲಿನ ಎರಡು ಕಡೆಯ ಸ್ವಿಚ್ಚಿನಲ್ಲಿ ಇದನ್ನು ಮೊದಲು ನೋಡಿ.

ಮಳೆ ಬಂದಮೇಲೆ ಮಾತ್ರ ಬೀಳುವುದಾದರೆ ಗೇಟಿನ ದೀಪ, ಕರೆಗಂಟೆಯ ಬಟನ್, ತಾರಸಿಯ ಸಾಕೆಟ್. ಗೀಸರ್ ಹಾಕಿ ಕೆಲವು ನಿಮಿಷ ಕಳೆದಮೇಲೆ ಬೀಳುವುದಾದರೆ ಅದರ ಹೀಟಿಂಗ್ ಕಾಯಿಲ್ ಬಿರುಕು ಬಿಟ್ಟಿದೆ. ಹೊತ್ತುಗೊತ್ತಿಲ್ಲದೆ ಬೀಳುವುದಾದರೆ ಕಂಪ್ಯೂಟರ್, ಚಾರ್ಜರ್, ಎಲ್‌ಇಡಿ ಡ್ರೈವರ್‌ಗಳ ಸಣ್ಣ ಸಣ್ಣ ಸೋರಿಕೆಗಳು ಕೂಡಿಕೊಂಡಿರಬಹುದು. 30 ಮಿಲಿಆಂಪಿಯರ್ ಎಂದು ಬರೆದ ಸಾಧನ 15 ದಾಟಿದಮೇಲೆ ಎಲ್ಲಿ ಬೇಕಾದರೂ ಬೀಳಬಹುದು. ಹಾಗಿದ್ದರೆ ಲೈನುಗಳನ್ನು ಎರಡು ಆರ್‌ಸಿಸಿಬಿಗೆ ಹಂಚಿಸಿ. ತೆಗೆದುಹಾಕುವುದೊಂದನ್ನು ಮಾತ್ರ ಮಾಡಬೇಡಿ.

ಬಿಸಿ, ವಾಸನೆ, ಮಿಣುಕು

ಎಂಸಿಬಿಯಾಗಲಿ ಆರ್‌ಸಿಸಿಬಿಯಾಗಲಿ ಹಿಡಿಯಲಾರದ ದೋಷ ಲೂಸ್ ಕನೆಕ್ಷನ್. ಹರಿಯುವ ಕರೆಂಟು ಹೆಚ್ಚಾಗಿಲ್ಲ, ಸೋರಿಯೂ ಇಲ್ಲ, ಅವೆರಡೂ ಸುಮ್ಮನಿರುತ್ತವೆ. ಇದನ್ನು ನೀವೇ ಹಿಡಿಯಬಹುದು. ಒಂದು ಸಾಕೆಟ್‌ನಲ್ಲಿ ಫೇಸ್–ನ್ಯೂಟ್ರಲ್ ಅಳೆಯಿರಿ. ಅದೇ ಲೈನಿನ ಪಕ್ಕದ ಸಾಕೆಟ್‌ಗೆ 2000 ವ್ಯಾಟಿನ ಹೀಟರ್ ಹಾಕಿ, ಸುಮಾರು 8.7 ಆಂಪಿಯರ್ ಹರಿಯುವಾಗ ಮತ್ತೆ ಅಳೆಯಿರಿ. ಮೂರು ನಾಲ್ಕು ವೋಲ್ಟ್ ಇಳಿದರೆ ಚಿಂತೆಯಿಲ್ಲ. ಹತ್ತು ವೋಲ್ಟ್ ಇಳಿದರೆ 87 ವ್ಯಾಟ್ ಶಾಖ ದಾರಿಯಲ್ಲಿ ಹುಟ್ಟುತ್ತಿದೆ. ಅದು ತಂತಿಯ ಉದ್ದಕ್ಕೂ ಹಂಚಿಹೋದರೆ ಒಂದು ಮಾತು, ಒಂದೇ ಸ್ಕ್ರೂವಿನಲ್ಲಿ ಕೂತರೆ ಬೆಸುಗೆ ಕಡ್ಡಿ ಗೋಡೆಯೊಳಗೆ ಇಟ್ಟ ಹಾಗೆ. ಈ ಇಳಿತ ಮನೆಯ ಹೊರಗಿನದೇ ಎಂದು ತಿಳಿಯಲು, ಅದೇ ಹೀಟರ್ ಓಡುವಾಗ ಬೇರೆ ಎಂಸಿಬಿಯ ಸಾಕೆಟ್‌ನಲ್ಲಿ ಅಳೆದು ನೋಡಿ. ಅಲ್ಲೂ ಅಷ್ಟೇ ಇಳಿದಿದ್ದರೆ ದೋಷ ಮೇನ್ ಅಥವಾ ಅದಕ್ಕೂ ಹಿಂದೆ.

ಇಂಥ ಜಾಗ ಬಿಚ್ಚಿದಾಗ ಏನು ಕಾಣುತ್ತದೆ ಎಂದು ಹೇಳುತ್ತೇನೆ. ಗೀಸರ್ ಸಾಕೆಟ್‌ನ ಹಿಂಬದಿಯಲ್ಲಿ ಫೇಸ್ ಸ್ಕ್ರೂವಿನ ಸುತ್ತ ಬಿಳಿ ಪ್ಲಾಸ್ಟಿಕ್ ಕಂದಾಗಿ, ಅಂಚಿನಲ್ಲಿ ಗುಳ್ಳೆಯೆದ್ದಿರುತ್ತದೆ. ತಾಮ್ರ ಕಪ್ಪುಗಟ್ಟಿ ಬಗ್ಗಿಸಿದರೆ ಮುರಿಯುತ್ತದೆ. ಸ್ಕ್ರೂಗೆ ಹತ್ತಿರದ ಎರಡು ಮೂರು ಇಂಚು ಹೊದಿಕೆ ಗಡುಸಾಗಿ, ಬೆರಳಲ್ಲಿ ಒತ್ತಿದರೆ ಪುಡಿಯಾಗಿ ಉದುರುತ್ತದೆ. ಇದಕ್ಕೆ ಸ್ಕ್ರೂ ಬಿಗಿ ಮಾಡುವುದು ಪರಿಹಾರವಲ್ಲ. ಸುಟ್ಟ ಭಾಗ ಕತ್ತರಿಸಿ, ಹೊಳೆಯುವ ತಾಮ್ರ ಬರುವವರೆಗೆ ಹಿಂದೆ ಹೋಗಿ, ಹೊಸ ಸಾಕೆಟ್ ಹಾಕಬೇಕು.

ಬೆಳ್ಳಗಿನ ಹಗುರ ತಂತಿ ಕಂಡರೆ ಅಲ್ಯೂಮಿನಿಯಂ. ಅದು ಸ್ಕ್ರೂವಿನ ಒತ್ತಡಕ್ಕೆ ನಿಧಾನವಾಗಿ ಹರಿದು ತೆಳುವಾಗುತ್ತದೆ, ಮೇಲೆ ಕರೆಂಟು ಹಾಯದ ಆಕ್ಸೈಡ್ ಪದರ ಕಟ್ಟುತ್ತದೆ. ತಾಮ್ರದ ಜೊತೆ ಸುಮ್ಮನೆ ಹೊಸೆದು ಟೇಪು ಸುತ್ತಿದ ಗಂಟುಗಳು ಇದ್ದರಂತೂ ಆ ಲೈನನ್ನು ಪೂರ್ತಿ ಬದಲಿಸುವುದೇ ಒಳ್ಳೆಯದು.

ಟೆಸ್ಟರ್ ಎರಡೂ ರಂಧ್ರಗಳಲ್ಲಿ ಹೊತ್ತಿ, ಉಪಕರಣ ಮಾತ್ರ ಓಡದಿದ್ದರೆ ಆ ಲೈನಿನ ನ್ಯೂಟ್ರಲ್ ಕಡಿದಿದೆ. ಸ್ವಿಚ್ ಹಾಕಿಟ್ಟ ಬೇರೊಂದು ಉಪಕರಣದ ಮೂಲಕ ಫೇಸ್ ಈ ಕಡೆಗೂ ಬಂದು ನಿಂತಿರುತ್ತದೆ.

ಮೂರು ಫೇಸಿನ ಮನೆಯಲ್ಲಿ ಒಂದು ಕೋಣೆಯ ದೀಪ ಕಣ್ಣು ಕುಕ್ಕುವಷ್ಟು ಉರಿದು ಇನ್ನೊಂದರದ್ದು ಮಂಕಾದರೆ ಯಾವ ಅಳತೆಗೂ ಕಾಯಬೇಡಿ, ಮೇನ್ ಇಳಿಸಿ. ಮೇನ್ ನ್ಯೂಟ್ರಲ್ ಬಿಟ್ಟಿದೆ. ಭಾರ ಕಡಿಮೆಯಿರುವ ಫೇಸಿನ ಮೇಲೆ 300 ವೋಲ್ಟಿಗೂ ಹೆಚ್ಚು ಏರಬಹುದು; ಟಿವಿ, ಫ್ರಿಜ್ಜು ನಿಮಿಷಗಳಲ್ಲಿ ಸುಡುತ್ತವೆ. ವಿದ್ಯುತ್ ಕಂಪನಿಗೆ ತಿಳಿಸಿ, ಅವರು ಸರಿ ಎಂದಮೇಲೂ ನ್ಯೂಟ್ರಲ್ ತುದಿಗಳನ್ನು ನೋಡಿಸಿಯೇ ಮೇನ್ ಏರಿಸಿ.

ಆರಿಸಿದ ಎಲ್‌ಇಡಿ ಮಂದವಾಗಿ ಬೆಳಗುತ್ತಿದ್ದರೆ ಹೋಲ್ಡರಿನಲ್ಲಿ ಫೇಸ್ ಉಳಿದಿದೆಯೇ ಅಳೆಯಿರಿ. ಉಳಿದಿದ್ದರೆ ಸ್ವಿಚ್ಚು ನ್ಯೂಟ್ರಲ್ ತಂತಿಯ ಮೇಲಿದೆ, ಅದನ್ನು ಫೇಸ್ ತಂತಿಗೆ ಬದಲಿಸಬೇಕು. ಇಲ್ಲದಿದ್ದರೆ ಸ್ವಿಚ್ಚಿನ ಇಂಡಿಕೇಟರ್ ದೀಪವೋ ಅಕ್ಕಪಕ್ಕದ ತಂತಿಯ ಪ್ರೇರಣೆಯೋ ಕಾರಣ, ಅಪಾಯವಿಲ್ಲ.

ಬಣ್ಣ ಮತ್ತು ಮೆಗ್ಗರ್

ಹಳೆಯ ಪದ್ಧತಿಯಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸ್, ಕಪ್ಪು ನ್ಯೂಟ್ರಲ್. ಹೊಸ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಕಂದು, ಕಪ್ಪು, ಬೂದು ಫೇಸ್, ನೀಲಿ ನ್ಯೂಟ್ರಲ್, ಹಸಿರು–ಹಳದಿ ಪಟ್ಟೆ ಅರ್ಥ್. ಕಪ್ಪು ಮತ್ತು ನೀಲಿ ಎರಡರ ಪಾತ್ರವೂ ತಲೆಕೆಳಗಾಗಿದೆ. ಬೇರೆ ಬೇರೆ ಕಾಲದಲ್ಲಿ ರಿಪೇರಿಯಾದ ಮನೆಯಲ್ಲಿ ಎರಡೂ ಪದ್ಧತಿ ಒಂದೇ ಪೈಪಿನಲ್ಲಿರಬಹುದು. ಹಸಿರು ತಂತಿಯನ್ನು ಸ್ವಿಚ್ಚಿನ ಫೇಸ್‌ಗೆ ಬಳಸಿರುವುದೂ ಉಂಟು. ಬಣ್ಣ ನೋಡಿ ತಂತಿ ಮುಟ್ಟಬೇಡಿ, ಅಳೆದೇ ಮುಟ್ಟಿ.

ಕೊನೆಗೆ, ಎಲೆಕ್ಟ್ರಿಷಿಯನ್ನರಿಂದ ಪ್ರತಿ ಲೈನಿಗೂ ಇನ್ಸುಲೇಷನ್ ಪರೀಕ್ಷೆ ಮಾಡಿಸಿ. 500 ವೋಲ್ಟ್ ಡಿಸಿ ಮೆಗ್ಗರ್‌ನಲ್ಲಿ ಕನಿಷ್ಠ 1 ಮೆಗಾಓಮ್ ಬರಬೇಕು. ಒಳ್ಳೆಯ ಸ್ಥಿತಿಯ ತಂತಿ ನೂರಾರು ತೋರಿಸುತ್ತದೆ, ಎರಡು ಮೂರು ಬಂದ ಲೈನು ಪಾಸಾದರೂ ಅದರ ಮೇಲೆ ಒಂದು ಕಣ್ಣಿಡಬೇಕು. ಹಾಕುವ ಮೊದಲು ಬಲ್ಬು, ಫ್ಯಾನ್ ರೆಗ್ಯುಲೇಟರ್, ಇನ್ವರ್ಟರ್, ಟಿವಿ ಎಲ್ಲ ಕಳಚಿರಲೇಬೇಕು. 500 ವೋಲ್ಟಿಗೆ ಎಲೆಕ್ಟ್ರಾನಿಕ್ಸ್ ಉಳಿಯುವುದಿಲ್ಲ. ಒಂದು ಲೈನು 0.3 ತೋರಿಸಿತು ಎನ್ನಿ. ಅದರ ನಡುವಿನ ಜಂಕ್ಷನ್ ಬಾಕ್ಸಿನಲ್ಲಿ ತಂತಿ ಬಿಡಿಸಿ ಎರಡೂ ಭಾಗ ಬೇರೆ ಬೇರೆ ಅಳೆಯಲಿ. ಕಡಿಮೆ ಬಂದ ಅರ್ಧವನ್ನು ಮತ್ತೆ ಎರಡು ಮಾಡಲಿ. ಗೋಡೆ ಒಡೆಯದೆ, ಎರಡು ಬಾಕ್ಸುಗಳ ನಡುವಿನ ಒಂದು ತುಂಡಿನವರೆಗೆ ಹೀಗೆ ಬಂದು ಮುಟ್ಟಬಹುದು. ಆ ತುಂಡನ್ನು ಪೈಪಿನಿಂದ ಎಳೆದು ಹೊಸ ತಂತಿ ತೂರಿಸಿ, ಮತ್ತೆ ಅಳೆಸಿ, ಬಂದ ಅಂಕಿಯನ್ನು ಲೈನಿನ ಹೆಸರು, ತಾರೀಖಿನ ಜೊತೆ ಡಿಬಿ ಬಾಗಿಲಿನ ಒಳಬದಿಗೆ ಅಂಟಿಸಿಡಿ.